ಇಲಿಯಕ್ಕನಿಗೆ ಬಂದ ಸುದ್ದಿ

ನಮ್ಮಕ್ಕನನ್ನು ಸಂಸ್ಥೆಯಲ್ಲಿ ಎಲ್ಲರೂ ಇಲಿಯಕ್ಕ ಎನ್ನುತ್ತಾರೆ. ನಿರ್ದೇಶಕರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಅದೇ ಹೆಸರು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಒಡಹುಟ್ಟಿದವಳನ್ನು ಇಲಿ ಎಂದರೆ ಯಾರಿಗೆ ತಾನೇ ಹಿಡಿಸೀತು? ಒಮ್ಮೆ ಕ್ಯಾಂಟೀನಿನಲ್ಲಿ ಗುಮಾಸ್ತನೊಬ್ಬನ ಕೊರಳಪಟ್ಟಿಗೆ ಕೈ ಹಾಕುವಷ್ಟರಲ್ಲಿ ಅಕ್ಕನೇ ಬಂದು ನನ್ನ ಕಿವಿ ಹಿಂಡಿದಳು. "ಇಲಿ ಸಾಕೋಳನ್ನ ಇಲಿಯಕ್ಕ ಅನ್ನದೆ ಆನೆಯಕ್ಕ ಅಂತಾರೇನೋ? ಸುಮ್ನೆ ಕೂತು ಟೀ ಕುಡಿ," ಎಂದಳು. ಇಬ್ಬರು ಮಕ್ಕಳ ತಂದೆಯಾದ ನನ್ನ ಕಿವಿ ಎಲ್ಲರೆದುರು ಕೆಂಪಾಯಿತು.

ನಾನು ಅದೇ ಸಂಸ್ಥೆಯಲ್ಲಿ ವ್ಯಾನ್ ಓಡಿಸುತ್ತೇನೆ. ಇಲಿಗಳ ಮೇವಿನ ಚೀಲ, ಗೂಡಿಗೆ ಹಾಸುವ ಮರದ ಹೊಟ್ಟು, ನೀರಿನ ಬಾಟಲಿಗಳ ಪೆಟ್ಟಿಗೆ, ಇವನ್ನೆಲ್ಲ ತಂದು ಹಿಂಬಾಗಿಲಲ್ಲಿ ಇಳಿಸುವುದು ನನ್ನ ಕೆಲಸ. ಒಳಗೆ ಹೋಗುವ ಹಾಗಿಲ್ಲ. ಸಾಮಾನು ಇಳಿಸುವ ಓಣಿಯ ಗೋಡೆಯಲ್ಲಿ ದಪ್ಪ ಗಾಜಿನ ಕಿಟಕಿಯೊಂದಿದೆ, ಅದರಾಚೆ ಅಕ್ಕ ಕೆಲಸ ಮಾಡುವುದು ಕಾಣುತ್ತದೆ. ಈ ಕೆಲಸ ನನಗೆ ಕೊಡಿಸಿದವಳೂ ಅವಳೇ. ನನ್ನಂಥ ಸಿಡುಕನನ್ನು ಕಣ್ಣಳತೆಯಲ್ಲಿ ಇಟ್ಟುಕೊಳ್ಳದಿದ್ದರೆ ನಾನು ಎಲ್ಲಿಯೋ ಯಾರ ಜೊತೆಯೋ ಹೊಡೆದಾಡಿಕೊಂಡು ಬೀಳುತ್ತೇನೆಂಬ ಭಯ ಅವಳಿಗೆ.

ಅವಳಿಗೆ ಇನ್ನೊಂದು ಭಯವೂ ಇತ್ತು, ನನ್ನ ಕೆಮ್ಮಿನದು. ಧೂಳಿಗೆ ನಾಲ್ಕು ಸಲ ಕೆಮ್ಮಿದರೂ ಸಾಕು, ಅಕ್ಕ ಕೈಯಲ್ಲಿದ್ದದ್ದನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದಳು. "ಕಫ ಬಂತಾ? ರಾತ್ರಿ ಬೆವರ್ತೀಯಾ? ತೂಕ ಇಳಿದಿದ್ಯಾ?" ಎಂದು ಪೊಲೀಸರ ಹಾಗೆ ಕೇಳುತ್ತಿದ್ದಳು. ನನ್ನ ಹೊಟ್ಟೆಯ ಸುತ್ತಳತೆ ನೋಡಿದವರಾರೂ ತೂಕದ ಮಾತೆತ್ತಲಾರರು. ಆದರೂ ಅವಳು ಬಿಡಳು. ಸೋಂಕಿನ ಕೋಣೆಯಲ್ಲಿ ದುಡಿಯುವವಳಲ್ಲವೇ, ಅದಕ್ಕೇ ಎಲ್ಲರ ಕೆಮ್ಮಿಗೂ ಕಿವಿಗೊಡುತ್ತಾಳೆ ಎಂದುಕೊಂಡಿದ್ದೆ. ನನ್ನದೊಂದಕ್ಕೇ ಕಿವಿಗೊಡುತ್ತಿದ್ದಳೆಂದು ಬಹಳ ತಡವಾಗಿ ತಿಳಿಯಿತು.

ನಮ್ಮಮ್ಮನ ವಿಷಯ ಇಲ್ಲಿ ಹೇಳಲೇಬೇಕು. ನಾನು ಹುಟ್ಟುವ ಹೊತ್ತಿಗೆ ಅವಳಿಗೆ ಕ್ಷಯ ಎದೆಯ ತುಂಬ ಹರಡಿತ್ತಂತೆ. ಹೆತ್ತ ಕೂಡಲೇ ನನ್ನನ್ನು ಅಜ್ಜಿಯ ಕೈಗೆ ಕೊಟ್ಟರು. ಹಿಂದಿನ ಕೋಣೆಯಲ್ಲಿ ಅಮ್ಮ, ಮುಂದಿನ ಕೋಣೆಯಲ್ಲಿ ನಾನು, ನಡುವೆ ಮುಚ್ಚಿದ ಬಾಗಿಲು. ನನಗಿನ್ನೂ ಕೂರಲು ಬರುವ ಮೊದಲೇ ಅವಳು ತೀರಿಕೊಂಡಳು. ಅಕ್ಕನಿಗೆ ಆಗ ಹಾಲುಹಲ್ಲು ಬೀಳುವ ವಯಸ್ಸು. "ನಿಮ್ಮಮ್ಮ ನಿನ್ನನ್ನ ಒಂದು ಸಲಾನೂ ಮುಟ್ಟಲಿಲ್ಲ ಕಣೋ. ಅಷ್ಟು ಗಟ್ಟಿ ಮನಸ್ಸು ಅವಳದು. ಅದಕ್ಕೇ ನೀನು ಉಳ್ಕೊಂಡೆ," ಎಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದಳು. ಉಳಿದದ್ದೇನೋ ಸರಿ. ಆದರೆ ಒಂದು ಸಲವೂ ಇಲ್ಲವೇ? ನನ್ನ ಸಿಟ್ಟಿಗೆಲ್ಲ ಅದೇ ಮೂಲವೆಂದು ಒಮ್ಮೆ ಹೆಂಡತಿಗೆ ಹೇಳಿದೆ. "ಪಾಪ, ಸತ್ತ ಅತ್ತೆ ಮೇಲೆ ಯಾಕೆ ಹಾಕ್ತೀರಿ? ನೀವು ಹುಟ್ಟಾ ಸಿಡುಕರು," ಎಂದಳು. ಅದೂ ನಿಜವಿರಬಹುದು. ಆದರೂ ಆ ನೋವು ಒಳಗೆ ಹಾಗೇ ಉಳಿದಿತ್ತು.

ಅಕ್ಕ ಈ ಮಾತು ಬಂದಾಗಲೆಲ್ಲ ಎದ್ದು ಹೋಗುತ್ತಿದ್ದಳು. ಮುಂದೆ ಅದೇ ಕಾಯಿಲೆಯ ಕೆಲಸಕ್ಕೇ ಸೇರಿದಳು. ಯಾಕೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅಕ್ಕನ ಕೋಣೆಗೆ ಎರಡು ಬಾಗಿಲು. ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯುವುದು. ಒಳಗಿನ ಗಾಳಿ ಹೊರಗೆ ಬರದಂತೆ ಯಂತ್ರ ಸದಾ ಒಳಕ್ಕೇ ಎಳೆಯುತ್ತಿರುತ್ತದೆ. ಮೈಮುಚ್ಚುವ ನಿಲುವಂಗಿ, ಒಂದರ ಮೇಲೊಂದು ಎರಡು ಜೊತೆ ಗ್ಲೌಸು, ಮೂತಿಗೆ ಬಿಗಿಯುವ ಮಾಸ್ಕು. ಸಾಲುಸಾಲಾಗಿ ಪಾರದರ್ಶಕ ಪೆಟ್ಟಿಗೆಗಳು, ಪ್ರತಿಯೊಂದರಲ್ಲಿ ನಾಲ್ಕೈದು ಬಿಳಿ ಅಥವಾ ಕಪ್ಪು ಇಲಿ. ಉಳಿದವರು ಇಲಿಯನ್ನು ಬಾಲ ಹಿಡಿದು ಎತ್ತುತ್ತಾರೆ. ಅಕ್ಕ ಮಾತ್ರ ಎರಡೂ ಅಂಗೈ ಸೇರಿಸಿ, ನೀರು ಮೊಗೆಯುವ ಹಾಗೆ ಮೊಗೆಯುತ್ತಾಳೆ. ಇಲಿ ಹೆದರುವುದಿಲ್ಲ, ಅಲ್ಲೇ ಕೂತು ಮೀಸೆ ಉಜ್ಜಿಕೊಳ್ಳುತ್ತದೆ. ತೂಕ ನೋಡುವುದು, ಹಾಸು ಬದಲಿಸುವುದು, ಯಾವುದರ ರೋಮ ನಿಮಿರಿದೆ, ಯಾವುದು ಮೂಲೆಯಲ್ಲಿ ಮುದುಡಿದೆ ಎಂದು ಗಮನಿಸುವುದು ಅವಳ ಕೆಲಸ. ಕೊನೆಗೊಂದು ದಿನ ಅನಿಲದ ಡಬ್ಬಿಯಲ್ಲಿಟ್ಟು ಅವನ್ನು ಮಲಗಿಸುವುದೂ ಅವಳದೇ ಕೆಲಸ. ಆ ದಿನ ಅವಳು ಯಾರೊಡನೆಯೂ ಮಾತಾಡುವುದಿಲ್ಲ. ನಾನು ವ್ಯಾನಿನಲ್ಲಿ ಮನೆಗೆ ಬಿಡುವಾಗ ರೇಡಿಯೋ ಹಾಕುವುದಿಲ್ಲ.

ಮುಂದಿನದು ಡಾಕ್ಟ್ರಮ್ಮನ ಕೆಲಸ. ಅವರು ಔಷಧಿ ಕೊಡುವ ಡಾಕ್ಟರಲ್ಲ, ಸಂಶೋಧನೆಯ ಡಾಕ್ಟರು. ಅಕ್ಕನಿಗಿಂತ ಚಿಕ್ಕವರು, ದಪ್ಪ ಕನ್ನಡಕ, ಬಾಯಲ್ಲಿ ಯಾವಾಗಲೂ ಪೆನ್ನಿನ ಮುಚ್ಚಳ. ಕೆಲಸಗಾರರಿಗೆ ಕೆಲಸದ ಅರ್ಥ ಗೊತ್ತಿರಬೇಕು ಎಂದು ಅವರ ಹಟ. ಹಿಂಬಾಗಿಲ ಮೆಟ್ಟಿಲ ಮೇಲೆ ಟೀ ಕುಡಿಯುತ್ತ ನಮಗೆಲ್ಲ ಪಾಠ ಹೇಳುತ್ತಿದ್ದರು. ಕ್ಷಯದ ಕ್ರಿಮಿ ಶ್ವಾಸಕೋಶಕ್ಕೆ ಹೋದ ಕೂಡಲೇ ಒಂದು ಜಾತಿಯ ಜೀವಕೋಶ ಅದನ್ನು ನುಂಗುತ್ತದೆ. ನುಂಗಿದರೇನು, ಅರಗಿಸಿಕೊಳ್ಳಲಾಗುವುದಿಲ್ಲ. ಕ್ರಿಮಿ ಒಳಗೇ ಬಿಡಾರ ಹೂಡುತ್ತದೆ. ಆಗ ಆ ಕೋಶ ಕೂಗಿಕೊಳ್ಳುತ್ತದೆ. ಕೂಗು ಕೇಳಿ ಇನ್ನೊಂದು ಜಾತಿಯ ಕೋಶಗಳು ಬಂದು, ಕ್ರಿಮಿಯ ಗುರುತು ಹಿಡಿದು, ಒಂದು ಸಂದೇಶ ಬಿಡುತ್ತವೆ. ಆ ಸಂದೇಶ ತಲುಪಿದ ಮೇಲೆಯೇ ನುಂಗಿದ ಕೋಶಕ್ಕೆ ಕೊಲ್ಲುವ ಕಸುವು ಬರುವುದು. ಆ ಸಂದೇಶ ಎಷ್ಟು ಬಂತು, ಯಾವಾಗ ಬಂತು, ಯಾರಿಗೆ ತಲುಪಲಿಲ್ಲ ಎಂದು ಅಳೆಯುವುದೇ ಡಾಕ್ಟ್ರಮ್ಮನ ಜೀವಮಾನದ ಕೆಲಸ. ಅದಕ್ಕೊಂದು ಉದ್ದನೆಯ ಹೆಸರಿದೆ. ನಮ್ಮ ನಾಲಿಗೆ ಹೊರಳದೆ ನಾವು ಅದನ್ನು 'ಸುದ್ದಿ' ಎಂದೆವು. ಆಮೇಲಾಮೇಲೆ ಡಾಕ್ಟ್ರಮ್ಮನೂ ಹಾಗೇ ಅನ್ನತೊಡಗಿದರು. ಸುದ್ದಿ ಬಂದರೂ ಕೇಳಿಸಿಕೊಳ್ಳಲಾರದಂತೆ ಹುಟ್ಟಿಸಿದ ಇಲಿಗಳೂ ಇದ್ದವು. ಅವುಗಳಿಗೆ ಅಕ್ಕ ಇಟ್ಟ ಹೆಸರು ಕಿವುಡಿಲಿ. ಅವು ಬೇಗ ಸಾಯುತ್ತಿದ್ದವು.

ಸುದ್ದಿ ಬಂದಿದೆಯೇ ಎಂದು ನೋಡಲು ಇಲಿಯ ಹೊಟ್ಟೆಯೊಳಗಿನ ಗುಲ್ಮವೆಂಬ ಅಂಗದಿಂದ ಕೋಶಗಳನ್ನು ತೆಗೆದು, ಕ್ರಿಮಿಯ ಒಂದು ಚೂರನ್ನು ತೋರಿಸುತ್ತಾರೆ. ಮೊದಲೇ ಪರಿಚಯವಿದ್ದರೆ ಕೋಶಗಳು ಕೂಡಲೇ ಸುದ್ದಿ ಬಿಡುತ್ತವೆ. ಪರಿಚಯವಿಲ್ಲದಿದ್ದರೆ ತೆಪ್ಪಗಿರುತ್ತವೆ. ಪಕ್ಕದ ತಟ್ಟೆಯಲ್ಲಿ ಅದೇ ಇಲಿಯ ಶ್ವಾಸಕೋಶ ಇರುತ್ತದೆ. ಸುದ್ದಿ ಬಂದ ಇಲಿಯ ಶ್ವಾಸಕೋಶದಲ್ಲಿ ಬಿಳಿ ಚುಕ್ಕೆ ಇದ್ದೇ ಇರುತ್ತಿತ್ತು. ಅಕ್ಕ ಇಷ್ಟು ವರ್ಷ ನೋಡಿದ್ದು ಅದನ್ನೇ. ಸುದ್ದಿ ಬಂತೆಂದರೆ ಚುಕ್ಕೆ ಇದೆ, ಚುಕ್ಕೆ ಇದೆಯೆಂದರೆ ಕ್ರಿಮಿ ಇದೆ. ತಪ್ಪಿದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಹೀಗಿರುವಾಗ ಹೊಸ ನಿಯಮ ಬಂತು. ಅದುವರೆಗೆ ನಮಗೆ ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮಾತ್ರ ತೆಗೆಯುತ್ತಿದ್ದರು. ಇನ್ನು ಮುಂದೆ ರಕ್ತವನ್ನೂ ನೋಡುತ್ತಾರಂತೆ, ನಿರ್ದೇಶಕರಿಂದ ತೋಟದವನವರೆಗೆ ಎಲ್ಲರದೂ. ಪರೀಕ್ಷೆ ಇಲಿಗೆ ಮಾಡುವಂಥದ್ದೇ. ರಕ್ತದ ಕೋಶಗಳಿಗೆ ಕ್ರಿಮಿಯ ಚೂರು ತೋರಿಸಿ, ಸುದ್ದಿ ಬರುತ್ತದೆಯೇ ಎಂದು ಕಾಯುವುದು. "ಕೊನೆಗೂ ನಮ್ಮನ್ನೂ ಇಲಿ ಮಾಡಿಬಿಟ್ರು," ಎಂದು ನಾನು ನಗುತ್ತ ತೋಳು ಚಾಚಿದೆ. ಅಕ್ಕ ನಗಲಿಲ್ಲ.

ಕೆಲವು ದಿನಗಳ ಮೇಲೆ ಸಂಸ್ಥೆಯ ನರ್ಸು ನನಗೆ ಫೋನ್ ಮಾಡಿ, ನನ್ನ ರಕ್ತದಲ್ಲಿ ಸುದ್ದಿ ಬಂದಿದೆ ಎಂದರು. ಎಕ್ಸ್‌ರೇ ಶುದ್ಧವಾಗಿದೆ, ಕಾಯಿಲೆಯಿಲ್ಲ, ಯಾವಾಗಲೋ ಹೊಕ್ಕ ಕ್ರಿಮಿ ಒಳಗೆ ನಿದ್ದೆ ಹೊಡೆಯುತ್ತಿರಬಹುದು, ಬಂದು ಗುಳಿಗೆ ತೆಗೆದುಕೊಂಡು ಹೋಗಿ ಎಂದರು. ಗುಂಡುಕಲ್ಲಿನ ಹಾಗಿದ್ದೇನೆ, ನನಗೇಕೆ ಗುಳಿಗೆ ಎಂದು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಅದೇ ದಿನ ಅಕ್ಕನಿಗೂ ಅದೇ ಫೋನ್ ಹೋಗಿತ್ತು. ಅವಳದೂ ಹಾಗೆಯೇ, ಸುದ್ದಿ ಇತ್ತು, ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಅವಳೂ ಬಾಯಿ ಬಿಡಲಿಲ್ಲ. ನನಗೆ ಇದು ಆಗ ಗೊತ್ತಿರಲಿಲ್ಲ.

ಅದೇ ವಾರ ಅಕ್ಕನ ಮಗಳು ಪುಟ್ಟಿಗೆ ಗಂಡುಮಗುವಾಯಿತು. ಭಾವ ತೀರಿಕೊಂಡ ಮೇಲೆ ಅಕ್ಕ ಒಬ್ಬಳೇ ಸಾಕಿ ಬೆಳೆಸಿದ ಒಬ್ಬಳೇ ಮಗಳು. ಅವಳ ಗಂಡ ದೂರದೂರಿಗೆ ಲಾರಿ ಓಡಿಸುವವನು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ, ಆಸ್ಪತ್ರೆಯಿಂದ ನೇರ ತಾಯಿಯ ಮನೆಗೇ ಬಂದಳು. ಮಗು ದುಂಡಗೆ, ಕೆನ್ನೆಯೇ ಮುಖವಾಗಿ ಇತ್ತು. ನಾನು ನೋಡಿದ ಕೂಡಲೇ ಗುಂಡ ಎಂದೆ, ಅದೇ ನಿಂತಿತು. ತಿಂಗಳುಗಳಿಂದ ಅಕ್ಕ ಆ ಕೂಸಿಗಾಗಿ ಟೋಪಿ, ಕಾಲುಚೀಲ ಹೆಣೆದು ಹೆಣೆದು ಪೆಟ್ಟಿಗೆ ತುಂಬಿಸಿದ್ದಳು. ಆದರೆ ಗುಂಡ ಮನೆಗೆ ಬಂದ ದಿನ ಅವಳು ಹೊಸ್ತಿಲಲ್ಲೇ ನಿಂತಳು. ಪುಟ್ಟಿ ಕೂಸನ್ನು ಮುಂದೆ ಚಾಚಿದಾಗ ಹಿಂದಕ್ಕೆ ಸರಿದು, "ನೆಗಡಿ ಕಣೆ ನನಗೆ. ಆಮೇಲೆ ಎತ್ಕೊಳ್ತೀನಿ," ಎಂದಳು.

ಆ 'ಆಮೇಲೆ' ಬರಲೇ ಇಲ್ಲ. ಅಕ್ಕ ಮನೆಯಲ್ಲೂ ಮಾಸ್ಕು ಹಾಕಿದಳು. ತನ್ನ ತಟ್ಟೆ, ಲೋಟ ಬೇರೆ ಇಟ್ಟಳು. ಹಾಸಿಗೆಯನ್ನು ಅಡುಗೆಮನೆಯ ಪಕ್ಕದ ಇಕ್ಕಟ್ಟಿಗೆ ಎಳೆದುಕೊಂಡು, ಚಳಿಯಿದ್ದರೂ ಕಿಟಕಿ ತೆರೆದಿಟ್ಟು ಮಲಗಿದಳು. ಬಟ್ಟೆ ಒಗೆಯುತ್ತಿದ್ದಳು, ಬಿಸಿನೀರು ಕಾಯಿಸುತ್ತಿದ್ದಳು, ಮಗಳಿಗೆ ಹೊತ್ತುಹೊತ್ತಿಗೆ ಗಂಜಿ ಮಾಡಿ ಬಾಗಿಲ ಬಳಿ ಇಟ್ಟು ಕೂಗುತ್ತಿದ್ದಳು. ಕೂಸು ಅತ್ತರೆ ಮಾತ್ರ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ನಾನೊಂದು ದಿನ ಹಿತ್ತಲಲ್ಲಿ ಇಣುಕಿದರೆ, ಒಣಗಿದ ಕೂಸಿನ ಬಟ್ಟೆಯನ್ನು ಮಡಿಚುತ್ತಿದ್ದಳು. ಮಡಿಚಿದ್ದನ್ನೇ ಬಿಚ್ಚಿ ಮತ್ತೆ ಮಡಿಚುತ್ತಿದ್ದಳು.

ಪುಟ್ಟಿ ಎಷ್ಟು ದಿನ ಸಹಿಸಿಯಾಳು? ಗುಂಡನಿಗೆ ಜ್ವರ ಬಂದು ರಂಪ ಮಾಡಿದ ಸಂಜೆ ಅವಳ ತಾಳ್ಮೆ ಹರಿಯಿತು. ನಾನು ಆಗಷ್ಟೇ ಜ್ವರದ ಔಷಧಿ ತಂದು ಒಳಗೆ ಕಾಲಿಟ್ಟಿದ್ದೆ.

"ಅಮ್ಮ, ನನ್ನ ಕೈ ಬಿದ್ದು ಹೋಗ್ತಿದೆ. ಒಂದೇ ಒಂದು ನಿಮಿಷ ಹಿಡ್ಕೋ," ಎಂದಳು ಪುಟ್ಟಿ.

"ಮಂಚದ ಮೇಲೆ ಮಲಗ್ಸು. ನಾನು ಇಲ್ಲಿಂದ ನೋಡ್ಕೋತೀನಿ," ಎಂದಳು ಅಕ್ಕ, ಬಾಗಿಲಾಚೆಯಿಂದ.

"ಇಲಿಮರಿಗಳನ್ನ ಅಂಗೈಯಲ್ಲಿ ಇಟ್ಕೊಂಡು ಮುದ್ದು ಮಾಡ್ತೀಯಲ್ಲ! ನನ್ನ ಮಗು ಇಲಿಗಿಂತ ಕಡೆಯಾಯ್ತಾ ನಿನಗೆ?"

ಅಕ್ಕನ ಕಣ್ಣು ಮಾತ್ರ ಕಾಣುತ್ತಿತ್ತು. ಪುಟ್ಟಿ ಅಳುತ್ತಲೇ ಬಟ್ಟೆ ತುಂಬಿಕೊಂಡಳು. "ಮಾವ, ನನ್ನನ್ನ ಮನೆಗೆ ಬಿಡಿ. ಇನ್ನು ಈ ಮನೆ ಮೆಟ್ಟಿಲು ಹತ್ತಲ್ಲ," ಎಂದಳು. ಸೋದರಮಾವನಾಗಿ ನಾನು ಸಮಾಧಾನ ಮಾಡಬೇಕಿತ್ತು. ನನಗೋ ಪುಟ್ಟಿಗಿಂತ ಹೆಚ್ಚು ಸಿಟ್ಟು ಬಂದಿತ್ತು. ಹೆತ್ತವಳು ಮುಟ್ಟದ ಕೂಸು ನಾನು, ಈಗ ಅಜ್ಜಿ ಮುಟ್ಟದ ಕೂಸು ಇದು. "ನಮ್ಮ ಮನೆ ಹೆಂಗಸರಿಗೆ ಎದೆಯಲ್ಲಿ ಕಲ್ಲಿದೆ," ಎಂದು ಕಡ್ಡಿ ಮುರಿದ ಹಾಗೆ ಹೇಳಿ ಪುಟ್ಟಿಯನ್ನೂ ಗುಂಡನನ್ನೂ ಕರೆದುಕೊಂಡು ಹೊರಟೆ. ಅಕ್ಕ ಬೀದಿಯವರೆಗೂ ಬಂದಳು, ವ್ಯಾನಿನಿಂದ ಸಾಕಷ್ಟು ದೂರದಲ್ಲಿ ನಿಂತಳು.

ಮರುದಿನ ಬೆಳಗ್ಗೆ ಹೊಟ್ಟಿನ ಚೀಲ ಇಳಿಸುವಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ. ಗಾಜಿನಾಚೆ ಅಕ್ಕ ಒಂದು ಪೆಟ್ಟಿಗೆಯ ಮುಂದೆ ಸುಮ್ಮನೆ ನಿಂತಿದ್ದಳು. ಅದರಲ್ಲಿದ್ದ ಇಲಿಯ ರೋಮ ನಿಮಿರಿತ್ತು, ಬೆನ್ನು ಗೂನಾಗಿತ್ತು. ಅವಳು ಅದನ್ನು ಅಂಗೈಗೆ ಮೊಗೆದುಕೊಂಡು ಬಹಳ ಹೊತ್ತು ನೋಡಿದಳು. ಕನ್ನಡಿ ನೋಡಿಕೊಳ್ಳುವವರು ಹಾಗೆ ನೋಡುತ್ತಾರೆ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಅವಳು ಎಲ್ಲ ಕಳಚಿ, ಸ್ನಾನ ಮಾಡಿ ಹೊರಬರುವವರೆಗೆ ಕಾದೆ. ಹಿಂಬಾಗಿಲ ಮೆಟ್ಟಿಲ ಮೇಲೆ ಅಡ್ಡ ನಿಂತು ಕೇಳಿದೆ.

"ಏನಾಗಿದೆ ಅಕ್ಕ ನಿನಗೆ? ಹೇಳದೆ ಹೋದ್ರೆ ನಾನು ಇಲ್ಲಿಂದ ಅಲುಗಾಡಲ್ಲ."

ಅವಳು ಮಾಸ್ಕಿನ ಮೇಲೆ ಕೈಯಿಟ್ಟುಕೊಂಡು ಹೇಳಿದಳು. "ನನ್ನ ರಕ್ತದಲ್ಲಿ ಸುದ್ದಿ ಬಂದಿದೆ ಕಣೋ."

"ಎಕ್ಸ್‌ರೇ?"

"ಏನೂ ಇಲ್ಲ ಅಂದ್ರು. ಯಾರಿಗೂ ಹರಡಲ್ಲ ಅಂತಾನೂ ಅಂದ್ರು. ಅವರಿಗೇನು ಗೊತ್ತು? ಸುದ್ದಿ ಬಂದ ಮೇಲೆ ಚುಕ್ಕೆ ಇಲ್ಲದೆ ಇರೋ ಎದೆ ನಾನೊಂದೂ ನೋಡಿಲ್ಲ. ಸುದ್ದಿ ಬಂದು ಬದುಕುಳಿದ ಇಲೀನೂ ನೋಡಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಆ ಕೂಸಿನ ಮುಖದ ಮೇಲೆ ಉಸಿರು ಬಿಡ್ಲಾ?"

ಹಿಂದಿನ ಸಂಜೆ ನಾನಾಡಿದ ಮಾತು ನನಗೇ ಚುಚ್ಚಿತು. ಬೇರೇನೂ ತೋಚದೆ ಡಾಕ್ಟ್ರಮ್ಮನನ್ನು ಹುಡುಕಿಕೊಂಡು ಓಡಿದೆ. ಅವರು ಪೆನ್ನಿನ ಮುಚ್ಚಳ ಬಾಯಲ್ಲಿಟ್ಟುಕೊಂಡೇ ಬಂದರು. ಅಕ್ಕನ ಮಾತು ಕೇಳಿದ ಮೇಲೆ ಮುಚ್ಚಳ ತೆಗೆದು ಜೇಬಿಗೆ ಹಾಕಿಕೊಂಡು, ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲೇ ಕುಳಿತರು.

"ಅಕ್ಕ, ಬದುಕುಳಿದ ಇಲಿ ನೋಡಿಲ್ಲ ಅಂದ್ರಲ್ಲ. ಎಲ್ಲಿಂದ ನೋಡ್ತೀರಿ? ನಾವು ಒಂದನ್ನೂ ಉಳಿಸಲ್ಲ. ಕಾಯಿಲೆ ಕೊಲ್ಲೋಕೆ ಮುಂಚೆ ನಾವೇ ಕೊಂದು ನೋಡ್ತೀವಿ."

ಅಕ್ಕ ತಲೆ ತಗ್ಗಿಸಿದಳು.

"ಇನ್ನೊಂದು ಮಾತು," ಡಾಕ್ಟ್ರಮ್ಮ ಮೆಲ್ಲಗೆ ಹೇಳಿದರು. "ಇಲಿ ಇಲಿಯೇ. ಸುದ್ದಿ ಬಂದ ಮೇಲೆ ನಮ್ಮ ಮೈ ಕ್ರಿಮಿಯ ಸುತ್ತ ಗೋಡೆ ಕಟ್ಟುತ್ತೆ. ಬಹಳಷ್ಟು ಜನರಲ್ಲಿ ಆ ಗೋಡೆ ಸಾಯೋವರೆಗೂ ನಿಲ್ಲುತ್ತೆ. ನಮ್ಮ ಇಲಿಗಳಿಗೆ ಅಂಥ ಗೋಡೆ ಕಟ್ಟೋಕೆ ಬರಲ್ಲ. ಇಲಿ ನೋಡಿ ಮನುಷ್ಯರ ಬಗ್ಗೆ ಹೀಗೇ ಅಂತ ಹೇಳೋಕೆ ನನಗೇ ಧೈರ್ಯ ಇಲ್ಲ. ಹೇಳಿದಾಗಲೆಲ್ಲ ತಪ್ಪಿದ್ದೀನಿ. ನೀವು ನಿಮ್ಮನ್ನೇ ಇಲಿ ಮಾಡ್ಕೊಂಡ್ರಲ್ಲ!"

ಅಕ್ಕ ಕೇಳಿಸಿಕೊಂಡಳು, ಆದರೆ ಮುಖ ಸಡಿಲವಾಗಲಿಲ್ಲ. ಇಷ್ಟು ವರ್ಷ ಕಣ್ಣಾರೆ ಕಂಡದ್ದು ಬಾಯಿಮಾತಿಗೆ ಕರಗುವುದಿಲ್ಲ. "ನನಗೆ ಬಂದಿದ್ದು ಇಲ್ಲಿಂದಲೇ. ಎಲ್ಲೋ ಗ್ಲೌಸು ಹರಿದಿರಬೇಕು, ಮಾಸ್ಕು ಸಡಿಲ ಆಗಿರಬೇಕು. ಹೊಸದಾಗಿ ಬಂದಿದ್ದು ಹೇಗೆ ವರ್ತಿಸುತ್ತೋ ಯಾರು ಕಂಡೋರು?" ಎಂದಳು.

ಅವಳನ್ನು ಹೇಗಾದರೂ ಹಗುರ ಮಾಡಬೇಕೆಂದು ನಾನು ನಕ್ಕೆ. "ಅಯ್ಯೋ ಮಾರಾಯ್ತಿ, ನನಗೂ ಸುದ್ದಿ ಬಂದಿದೆ! ನಾನು ಸತ್ತೆನಾ? ನಾನಂತೂ ಆ ಎರಡು ಬಾಗಿಲು ದಾಟಿದೋನೇ ಅಲ್ಲ. ನನಗೆಲ್ಲಿಂದ ಬಂತು ಹಾಗಾದ್ರೆ?"

ನಗಲೆಂದು ಹೇಳಿದ್ದು. ಅಕ್ಕನ ಮುಖ ಬಿಳಚಿಕೊಂಡಿತು. ಅವಳು ಎದ್ದು ಹೋಗಿ, ನಾನು ಇಳಿಸಿದ್ದ ಹೊಟ್ಟಿನ ಚೀಲಗಳ ಮೇಲೆ ಕುಳಿತಳು.

"ನನ್ನಿಂದ," ಎಂದಳು. "ನಿನಗೆ ಬಂದಿದ್ದು ನನ್ನಿಂದ ಕಣೋ."

ನನಗೆ ತಲೆಬುಡ ತಿಳಿಯಲಿಲ್ಲ. ಅವಳು ನನ್ನನ್ನು ನೋಡದೆ, ಚೀಲದ ಹೊಲಿಗೆಯ ದಾರ ಕೀಳುತ್ತ ಹೇಳಿದಳು. ಅಜ್ಜಿ ನೀರಿಗೆ ಹೋದಾಗ ಅಮ್ಮ ಹಿಂದಿನ ಕೋಣೆಯಿಂದ ಲೋಟದಲ್ಲಿ ಗೋಡೆ ತಟ್ಟುತ್ತಿದ್ದಳಂತೆ. ಕೂಗಲು ಅವಳಿಗೆ ಉಸಿರಿರಲಿಲ್ಲ. ಮೊದಲ ಸಲ ಅಕ್ಕ ಬಾಗಿಲು ತೆರೆದಾಗ, ಒಂದೇ ಒಂದು ಸಲ ಕೂಸನ್ನು ತೋರಿಸು ಎಂದು ಅಮ್ಮ ಕೈ ಮುಗಿದಳಂತೆ. ಹೆತ್ತ ತಾಯಿ ತನಗೆ ಕೈ ಮುಗಿದರೆ ಆ ವಯಸ್ಸಿನ ಹುಡುಗಿ ಏನು ಮಾಡಿಯಾಳು? ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋಗಿ ಕೊಟ್ಟಳು. ಆಮೇಲೆ ಗೋಡೆ ತಟ್ಟಿದಾಗಲೆಲ್ಲ ಕೊಟ್ಟಳು. ಅಜ್ಜಿಯ ಹೆಜ್ಜೆ ಸದ್ದು ಕೇಳುವವರೆಗೆ ಮೂವರೂ ಆ ಮಂಚದ ಮೇಲೆ ಇರುತ್ತಿದ್ದೆವಂತೆ, ನಾನು ತೊಡೆಯ ಮೇಲೆ, ಅವಳು ಅಮ್ಮನ ತೋಳಿಗೆ ಒರಗಿ. ಅಮ್ಮ ಸತ್ತ ಮೇಲೆ, ಮಗುವನ್ನು ಒಳಗೆ ಒಯ್ದಿದ್ದೆಯಾ ಎಂದು ಅಜ್ಜಿ ಕೇಳಿದಾಗ ಇಲ್ಲ ಎಂದಳು. ಅಂದು ಹೇಳಿದ ಸುಳ್ಳನ್ನು ಮತ್ತೆ ತಿದ್ದಲು ಅವಳಿಗೆ ಬಾಯಿ ಬರಲಿಲ್ಲ.

"ನೀನು ಕೆಮ್ಮಿದಾಗಲೆಲ್ಲ ಪ್ರಾಣ ಹೋಗ್ತಿತ್ತು ನನಗೆ," ಎಂದಳು. "ನಾನೇ ಎತ್ಕೊಂಡು ಹೋಗಿ ಆ ಉಸಿರಿಗೆ ಒಡ್ಡಿದ್ದಲ್ವಾ?"

ಡಾಕ್ಟ್ರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. "ಇವರಿಗೆ ಬಂದಿದ್ದು ಅಲ್ಲಿಂದಲೇ ಅಂತ ನಾನು ಆಣೆ ಮಾಡಿ ಹೇಳಲಾರೆ. ಬಸ್ಸಲ್ಲಿ, ಬೀದೀಲಿ, ಎಲ್ಲಿ ಬೇಕಾದ್ರೂ ಬರಬಹುದು. ಆದ್ರೆ ಅಮ್ಮನಿಂದಲೂ ಬಂದಿರಬಹುದು. ಹಾಗಿದ್ರೆ ಅಕ್ಕ, ನಿಮಗೂ ಆಗಲೇ ಬಂದಿರಬಹುದು. ರಕ್ತ ಪರೀಕ್ಷೆ ಹೊಸದು, ಸುದ್ದಿ ಹಳೇದಿರಬಹುದು. ಇದೇ ಮೈಯಲ್ಲಿ ನೀವು ಮಗಳನ್ನ ಹೆತ್ತಿದ್ದೀರಿ, ಹಾಲು ಕುಡಿಸಿದ್ದೀರಿ, ಎದೆ ಮೇಲೆ ಮಲಗಿಸ್ಕೊಂಡು ಸಾಕಿದ್ದೀರಿ. ಅವಳಿಗೇನಾಯ್ತು?"

ಅಕ್ಕ ಪುಟ್ಟಿಯ ಬಾಲ್ಯವನ್ನೆಲ್ಲ ಒಳಗೇ ತಿರುವಿಹಾಕುತ್ತಿದ್ದಳೆಂದು ಕಾಣುತ್ತದೆ. ಜ್ವರದ ರಾತ್ರಿಗಳು, ಒಂದೇ ಹೊದಿಕೆ, ಒಂದೇ ತಟ್ಟೆಯ ಊಟ. ಆಮೇಲೆ ಕಿವಿಯ ಹಿಂದಕ್ಕೆ ಕೈ ಹಾಕಿ ಮಾಸ್ಕಿನ ದಾರ ಬಿಚ್ಚಿದಳು.

"ವ್ಯಾನ್ ತೆಗಿ," ಎಂದಳು ನನಗೆ.

ಪುಟ್ಟಿ ಬಾಗಿಲು ತೆರೆದವಳು ದಾರಿ ಬಿಡಲಿಲ್ಲ. ಮುಖ ಊದಿಸಿಕೊಂಡು ಅಡ್ಡ ನಿಂತಿದ್ದಳು. ಅಕ್ಕ ಹೊಸ್ತಿಲಾಚೆಯೇ ನಿಂತು, ಏನನ್ನೂ ಮುಚ್ಚಿಡದೆ, ರಕ್ತದ ಸುದ್ದಿಯಿಂದ ಹಿಡಿದು ಡಾಕ್ಟ್ರಮ್ಮನ ಮಾತಿನವರೆಗೆ ಎಲ್ಲ ಹೇಳಿದಳು. ನಡುವೆ ಬಾಯಿ ಹಾಕಬೇಡವೆಂದು ನನಗೆ ಕಣ್ಣಲ್ಲೇ ಗದರಿದಳು. ಪುಟ್ಟಿ ಕೇಳುತ್ತ ಕೇಳುತ್ತ ಗೋಡೆಗೆ ಒರಗಿದಳು.

"ನನಗೆ ಹೇಳೋಕೇನಾಗಿತ್ತಮ್ಮ ನಿನಗೆ?"

"ಹೇಳಿದ್ರೆ ನೀನು ಪರವಾಗಿಲ್ಲ, ಎತ್ಕೋ ಅಂತಿದ್ದೆ. ನಾನು ಎತ್ಕೊಂಡುಬಿಡ್ತಿದ್ದೆ," ಎಂದಳು ಅಕ್ಕ.

ಪುಟ್ಟಿ ಒಳಗೆ ಹೋಗಿ, ನಿದ್ದೆಗಣ್ಣಿನ ಗುಂಡನನ್ನು ತಂದು ತಾಯಿಯ ಕೈಗಿಟ್ಟಳು. ಅಕ್ಕ ಎರಡೂ ಅಂಗೈ ಸೇರಿಸಿ ಅವನನ್ನು ತೆಗೆದುಕೊಂಡಳು. ಅವನ ಭಾರ ಅವಳಿಗೆ ಹೊಸದು. ಗುಂಡ ಒಮ್ಮೆ ಆಕಳಿಸಿ, ಅವಳ ಕುತ್ತಿಗೆಯ ಸಂದಿಗೆ ಮುಖ ಒತ್ತಿ ಮಲಗಿದ. ಅಕ್ಕ ಉಸಿರು ಬಿಗಿಹಿಡಿದಿದ್ದಳು. "ಉಸಿರು ಬಿಡಮ್ಮ," ಎಂದಳು ಪುಟ್ಟಿ, ಅಳುತ್ತ, ನಗುತ್ತ. ಅಕ್ಕ ಉಸಿರು ಬಿಟ್ಟಳು.

ಅಕ್ಕ ಮರುದಿನವೇ ಗುಳಿಗೆ ಶುರು ಮಾಡಿದಳು. ನಾನು ಮಾತ್ರ ಇವತ್ತು ನಾಳೆ ಎಂದು ಮುಂದೂಡುತ್ತ ಬಂದೆ. ಕಾರಣ ಹೇಳಿದರೆ ನೀವು ನಗಬಹುದು. ಅಮ್ಮನಿಂದ ನನಗೆ ಬಂದದ್ದೆಂದರೆ ಅದೊಂದೇ. ಒಂದು ಫೋಟೋ ಇಲ್ಲ, ಒಂದು ಸೀರೆಯ ತುಂಡಿಲ್ಲ. ಅದನ್ನೂ ಗುಳಿಗೆ ನುಂಗಿ ಸಾಯಿಸಬೇಕೆಂದರೆ ನನಗೆ ಮನಸ್ಸು ಬರಲಿಲ್ಲ. ಕೊನೆಗೆ ನಾಚಿಕೆ ಬಿಟ್ಟು ಡಾಕ್ಟ್ರಮ್ಮನನ್ನೇ ಕೇಳಿದೆ. ಗುಳಿಗೆ ತಗೊಂಡರೆ ಸುದ್ದಿಯೂ ಅಳಿಸಿ ಹೋಗುತ್ತದೆಯೇ ಎಂದೆ. ಅವರು ನಗಲಿಲ್ಲ.

"ಕ್ರಿಮಿ ಸಾಯುತ್ತೆ. ಸುದ್ದಿ ಸಾಮಾನ್ಯವಾಗಿ ಹೋಗಲ್ಲ. ಒಂದು ಸಲ ಗುರುತು ಹಿಡಿದ ಕೋಶಗಳು ಅಷ್ಟು ಸುಲಭವಾಗಿ ಮರೆಯಲ್ಲ," ಎಂದರು. ನಾನು ನೇರ ನರ್ಸಿನ ಬಳಿ ಹೋಗಿ ಗುಳಿಗೆ ಇಸಿದುಕೊಂಡೆ.

ಕೇಳಲು ಇನ್ನೊಂದು ಉಳಿದಿತ್ತು. ಒಂದು ಭಾನುವಾರ ಮಧ್ಯಾಹ್ನ ಪುಟ್ಟಿ ಒಳಗೆ ಮಲಗಿದ್ದಳು, ಗುಂಡ ಅಕ್ಕನ ತೊಡೆಯ ಮೇಲಿದ್ದ. ಗಂಟಲು ಸರಿಮಾಡಿಕೊಂಡು, ಎಲ್ಲಿಯೋ ನೋಡುತ್ತ ಕೇಳಿದೆ. "ಅಮ್ಮ ನನ್ನನ್ನ ಹೇಗೆ ಎತ್ಕೋತಿದ್ದಳು ಅಕ್ಕ?"

ಅಕ್ಕ ಬಾಯಲ್ಲಿ ಹೇಳಲಿಲ್ಲ. ಗುಂಡನನ್ನು ಮೇಲೆತ್ತಿ, ಅವನ ಬೆನ್ನು ತನ್ನ ಎದೆಗೆ ತಾಗುವಂತೆ, ಮುಖ ಆಚೆಗಿರುವಂತೆ ಕೂರಿಸಿಕೊಂಡಳು. ಎರಡೂ ತೋಳಿನಿಂದ ಬಿಗಿಯಾಗಿ ಬಳಸಿದಳು. ಆಮೇಲೆ ತನ್ನ ಮುಖವನ್ನು ಎಷ್ಟು ಸಾಧ್ಯವೋ ಅಷ್ಟೂ ತಿರುಗಿಸಿ, ಉಸಿರು ಕೂಸಿಗೆ ತಾಗದ ಹಾಗೆ, ತೆರೆದ ಕಿಟಕಿಯ ಕಡೆಗೆ ಇಟ್ಟುಕೊಂಡಳು.

"ಹೀಗೆ," ಎಂದಳು, ಹಾಗೇ ಕಿಟಕಿಯಾಚೆ ನೋಡುತ್ತ. "ಕೊಟ್ಟಾಗಿನಿಂದ ವಾಪಸು ಇಸ್ಕೊಳ್ಳೋವರೆಗೂ ಹೀಗೇ ಕೂತಿರ್ತಿದ್ದಳು. ನಿನ್ನ ಮುಖಾನೇ ಅವಳು ಸರಿಯಾಗಿ ನೋಡಲಿಲ್ಲ ಕಣೋ."